ಕಾಡುದಾರಿ ಕೆಡಿಸಿದ್ದು ಸೈಕಲ್ಲಲ್ಲ, ನೀರು

ಮಾನ್ಯ ಸಂಪಾದಕರೇ,

ಮಳೆಕಾಡಿನ ಸೈಕಲ್ ದಾರಿ ಕೊರೆದುಹೋಗಿರುವುದಕ್ಕೆ ಸವಾರರ ಅಡ್ಡಾದಿಡ್ಡಿ ಓಡಾಟವೇ ಕಾರಣವೆಂದು ಅಧಿಕಾರಿಗಳು ನೀಡಿದ ಹೇಳಿಕೆ ತಮ್ಮ ಇಂದಿನ ಸಂಚಿಕೆಯಲ್ಲಿ ಪ್ರಕಟವಾಗಿದೆ. ನಿನ್ನೆ ಬೆಳಿಗ್ಗೆಯಷ್ಟೇ ಅದೇ ದಾರಿಯಲ್ಲಿ ಮೇಲಿನ ಗೇಟಿನಿಂದ ತೊರೆಯವರೆಗೆ ಇಳಿದು, ಅರ್ಧಕ್ಕಿಂತ ಹೆಚ್ಚು ದೂರ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದವನು ನಾನು. ಮೊಣಕಾಲಿನ ಗಾಯ ಇನ್ನೂ ಹಸಿಯಾಗಿರುವಾಗಲೇ ಈ ಹೇಳಿಕೆಯನ್ನು ಓದಬೇಕಾಗಿ ಬಂದುದರಿಂದ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಹಳೆಯ ದಾರಿ ಹೇಗಿತ್ತೆಂಬುದು ಅಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಗುಡ್ಡದ ಮಗ್ಗುಲನ್ನು ಬಳಸಿಕೊಂಡು, ದೊಡ್ಡ ಮರಗಳನ್ನು ಸುತ್ತಿಕೊಂಡು, ಒಮ್ಮೆ ಇಳಿದು ಮತ್ತೆ ತುಸು ಏರಿ, ಅದು ನಿಧಾನವಾಗಿ ತೊರೆಗೆ ಸೇರುತ್ತಿತ್ತು. ಮಳೆಗಾಲ ಆರಂಭವಾಗುವ ಹೊತ್ತಿಗೆ ಸರಿಯಾಗಿ ಇದೇ ಅಧಿಕಾರಿಗಳು ಜೆಸಿಬಿ ತಂದು, ‘ಅಭಿವೃದ್ಧಿ’ ಎಂಬ ಹೆಸರಿನಲ್ಲಿ ಆ ತಿರುವುಗಳನ್ನೆಲ್ಲ ಅಳಿಸಿ, ಗುಡ್ಡದ ನೆತ್ತಿಯಿಂದ ಬುಡಕ್ಕೆ ನೇರ ಗೆರೆ ಎಳೆದಂತೆ ಅಗಲವಾದ ದಾರಿ ಮಾಡಿದರು. ಮೊದಲ ದೊಡ್ಡ ಮಳೆಗೇ ಅದು ಚರಂಡಿಯಾಯಿತು. ಈಗ ನಡುವೆ ಮೊಣಕಾಲುದ್ದದ ಕೊರಕಲು, ಎರಡೂ ಬದಿಗೆ ಮಣ್ಣು ಕಳೆದುಕೊಂಡು ನೇತಾಡುವ ಬೇರುಗಳು, ಅಲ್ಲಲ್ಲಿ ಬಿಡಿಗಲ್ಲುಗಳು.

ಅಂಥ ಕೊರಕಲಿಗೇ ನನ್ನ ಮುಂದಿನ ಚಕ್ರ ಇಳಿದು ಸಿಕ್ಕಿಕೊಂಡಿತು. ನಾನು ಹಾರಿಬಿದ್ದದ್ದು ಬೆತ್ತದ ಮೆಳೆಗೆ. ಅದರ ಕೊಕ್ಕೆಮುಳ್ಳುಗಳನ್ನು ಬಟ್ಟೆಯಿಂದಲೂ ಮೈಯಿಂದಲೂ ಬಿಡಿಸಿಕೊಳ್ಳುವುದೆಂದರೆ ಏನೆಂದು ಬಲ್ಲವರೇ ಬಲ್ಲರು. ಗೇರು ಬದಲಿಸುವ ಹಿಂದಿನ ಡಿರೇಲರ್ ಕಲ್ಲಿಗೆ ಬಡಿದು ಒಳಕ್ಕೆ ಬಾಗಿತು. ಅಲ್ಲಿಂದ ಮುಂದೆ ಜೇಡಿಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದಂತಾಯಿತು. ಮರಳು ಬೆರೆತ ಕೆಸರಿನಲ್ಲಿ ಹೊಸದಾಗಿ ಹಾಕಿಸಿದ್ದ ಬ್ರೇಕ್ ಪ್ಯಾಡುಗಳು ಸವೆದು ಡಿಸ್ಕಿಗೆ ಲೋಹವೇ ಉಜ್ಜುವ ಸದ್ದು ಬಂತು. ನಿಂತಲ್ಲೆಲ್ಲ ಇಂಬಳ. ಇಷ್ಟೆಲ್ಲ ಅನುಭವಿಸಿ, ಕೆಲಸಕ್ಕೂ ಹೋಗಲಾಗದೆ ಮನೆಗೆ ಬಂದ ಮೇಲೆ, ದಾರಿ ಹಾಳು ಮಾಡಿದವನು ನೀನೇ ಎಂದು ಪತ್ರಿಕೆಯ ಮೂಲಕ ಹೇಳಿಸಿಕೊಳ್ಳಬೇಕು.

ಗುಡ್ಡದಲ್ಲಿ ಸೈಕಲ್ ದಾರಿಯನ್ನು ಹೇಗೆ ಕಡಿಯಬೇಕೆಂಬುದು ಯಾರೂ ಹೊಸದಾಗಿ ಕಂಡುಹಿಡಿಯಬೇಕಾದ ವಿದ್ಯೆಯಲ್ಲ. 1988ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಇದನ್ನು ಯಾರಿಗೂ ಅರ್ಥವಾಗುವಂತೆ ಹೇಳಿದೆ: ದಾರಿಯ ಇಳಿಜಾರು ಗುಡ್ಡದ ಮಗ್ಗುಲಿನ ಇಳಿಜಾರಿನ ಅರ್ಧವನ್ನು ಮೀರಬಾರದು, ಒಟ್ಟಾರೆ ಸರಾಸರಿ ಶೇ 10ರ ಒಳಗಿರಬೇಕು, ದಾರಿಯ ಮೈ ಕಣಿವೆಯ ಕಡೆಗೆ ಶೇ 5ರಷ್ಟು ವಾಲಿರಬೇಕು, ಮತ್ತು ನಡುನಡುವೆ ದಾರಿ ಸ್ವಲ್ಪ ಏರಿ ನೀರನ್ನು ಹೊರಕ್ಕೆ ದಬ್ಬಬೇಕು. ಹಳೆಯ ದಾರಿಯಲ್ಲಿದ್ದ, ಅಧಿಕಾರಿಗಳ ಕಣ್ಣಿಗೆ ಅನವಶ್ಯಕವಾಗಿ ಕಂಡ ಆ ಏರಿಳಿತಗಳು ಅಲ್ಲಿದ್ದುದೇ ಈ ಕೆಲಸಕ್ಕೆ. ಅವನ್ನು ಸಪಾಟು ಮಾಡಿದ ದಿನವೇ ನೀರಿಗೆ ದಾರಿ ತೆರೆದುಕೊಟ್ಟಂತಾಯಿತು. ಇನ್ನು ಅಗಲ ಮಾಡುವ ಭರದಲ್ಲಿ ಮೇಲಿನ ಹಸಿರು ಚಪ್ಪರವನ್ನೂ ಕಡಿದರು. ಎಲೆಗಳ ಮೇಲೆ ಬಿದ್ದು ಬಲಗುಂದಿ ಇಳಿಯುತ್ತಿದ್ದ ಮಳೆ ಈಗ ಬರಿ ಮಣ್ಣಿಗೇ ಹೊಡೆಯುತ್ತದೆ. ಮಳೆಕಾಡಿನಲ್ಲಿ ಮೇಲ್ಮಣ್ಣಿನ ಪದರ ತೆಳುವಾದ್ದರಿಂದ, ತರಗೆಲೆಯ ಹೊದಿಕೆ ಒಮ್ಮೆ ಹೋದರೆ ಕೆಳಗಿನ ಜೇಡಿ ಬಾಯಿ ಬಿಡಲು ಹೆಚ್ಚು ಕಾಲ ಬೇಕಿಲ್ಲ.

ಮಳೆ ಹೆಚ್ಚು, ಏನು ಮಾಡುವುದು ಎಂಬ ಮಾತನ್ನೂ ಹೇಳಿಕೆಯಲ್ಲಿ ಸೇರಿಸಿದ್ದಾರೆ. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ ಬೀಳುವ ಆಸ್ಟ್ರೇಲಿಯಾದ ಕೆರ್ನ್ಸ್ ನಗರದ ಪಕ್ಕದ ಸ್ಮಿತ್‌ಫೀಲ್ಡ್‌ ಮಳೆಕಾಡಿನ ದಾರಿಗಳಲ್ಲಿ 1996ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಷಿಪ್ ನಡೆದಿದೆ. ಸಿಂಗಪುರದ ಬುಕಿತ್ ತಿಮಾ ಕಾಡಿನಲ್ಲಿ ನಡೆಯುವವರಿಗೆ ಬೇರೆ, ಸೈಕಲ್ಲಿಗೆ ಬೇರೆ ದಾರಿಯಿದೆ. ಇಳಿಜಾರುಗಳು ಸಡಿಲವಾದಾಗ ಅಲ್ಲಿಯವರು 2014ರಲ್ಲಿ ಎಲ್ಲರಿಗೂ ತಿಳಿಸಿ ಕಾಡನ್ನು ಮುಚ್ಚಿ, ಹಂತಹಂತವಾಗಿ ದುರಸ್ತಿ ಮಾಡಿ, 2016ರಲ್ಲಿ ಪೂರ್ತಿಯಾಗಿ ತೆರೆದರು. ಅಲ್ಲೂ ಮಳೆ ಆಕಾಶದಿಂದಲೇ ಬೀಳುತ್ತದೆ, ಅಲ್ಲೂ ಸೈಕಲ್ಲಿಗೆ ಎರಡೇ ಚಕ್ರ.

ಸವಾರರೆಲ್ಲ ನಿರ್ದೋಷಿಗಳೆಂದು ನಾನು ವಾದಿಸುವುದಿಲ್ಲ. ಕೆಸರು ಗುಂಡಿ ಕಂಡಕೂಡಲೇ ಬದಿಗೆ ಸರಿದು ಸಸಿಗಳನ್ನು ತುಳಿದು ದಾರಿಯನ್ನು ಅಗಲ ಮಾಡುವವರಿದ್ದಾರೆ. ಗುಂಡಿಯ ನಡುವೆಯೇ ಹೋಗಬೇಕೆಂಬ ಶಿಸ್ತು ಅವರಿಗೆ ತಿಳಿಯದು. ಇಳಿಜಾರಿನಲ್ಲಿ ಹಿಂದಿನ ಚಕ್ರವನ್ನು ಲಾಕ್ ಮಾಡಿ ಎಳೆದುಕೊಂಡು ಹೋಗುವವರೂ ಇದ್ದಾರೆ. ಅವರನ್ನು ತಡೆಯಲಿ, ದಂಡ ಹಾಕಲಿ. ಆದರೆ ಸವಾರರಿಗೆ ತಿಳಿವಳಿಕೆ ನೀಡುವ ಒಂದು ಫಲಕವನ್ನಾದರೂ ಗೇಟಿನ ಬಳಿ ಹಾಕಿದ್ದಾರೆಯೇ? ಬೇರುಕೊಳೆ ತರುವ ಫೈಟಾಪ್ಥೊರಾ ರೋಗಾಣು ಟೈರಿನ ಕೆಸರಿಗೆ ಅಂಟಿಕೊಂಡು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಆದ್ದರಿಂದ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಟೈರು ತೊಳೆಯಲು ಒಂದು ನಲ್ಲಿ, ಎರಡು ಬ್ರಷ್ ಇಡಿ ಎಂದು ನಾವು ಬಹಳ ಹಿಂದೆಯೇ ಅರ್ಜಿ ಕೊಟ್ಟಿದ್ದೆವು. ಅರ್ಜಿಗೆ ಮುದ್ರೆ ಬಿತ್ತು, ನಲ್ಲಿ ಬರಲಿಲ್ಲ.

ತೊರೆಯ ಮೇಲಿನ ಮರದ ಸೇತುವೆಯ ಕಥೆಯೂ ಇದೇ. ಹಲಗೆಗಳನ್ನು ಅಡ್ಡಲಾಗಿ ಜೋಡಿಸುವ ಬದಲು ಉದ್ದುದ್ದ ಜೋಡಿಸಿ, ಚಕ್ರ ಸರಿಯಾಗಿ ಸಿಕ್ಕಿಬೀಳುವಷ್ಟು ಸಂದು ಬಿಟ್ಟಿದ್ದಾರೆ. ಪಾಚಿಗಟ್ಟಿದ ಆ ಮರದ ಮೇಲೆ ಜಾರದಂತೆ ತಂತಿಬಲೆ ಹೊಡೆಯಿರಿ ಎಂದರೆ, ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು. ಪರಿಶೀಲನೆಗೆ ಬಂದ ಜೀಪು ಗೇಟಿನ ತನಕ ಬಂದು, ಅಲ್ಲಿಂದಲೇ ತಿರುಗಿ ಹೋಯಿತು. ಸೇತುವೆಯಿರುವುದು ಕೆಳಗೆ, ತೊರೆಯ ಬಳಿ.

ಆದ್ದರಿಂದ ಸಂಬಂಧಪಟ್ಟವರು ಹಳೆಯ ತಿರುವುಗಳನ್ನು ಮತ್ತೆ ಕಡಿದು, ನೀರು ಹೊರಹೋಗುವಂತೆ ಮಾಡಿ, ದಾರಿಯನ್ನು ಸರಿಪಡಿಸಬೇಕು. ಅದಾಗದಿದ್ದರೆ ಮಳೆ ಮುಗಿಯುವವರೆಗೆ ಮುಚ್ಚಿದ್ದೇವೆಂದು ಗೇಟಿಗೆ ಫಲಕ ತೂಗುಹಾಕಿ ನಿಜಕ್ಕೂ ಮುಚ್ಚಬೇಕು. ಎರಡರಲ್ಲಿ ಯಾವುದಾದರೂ ಒಂದನ್ನು ಮಾಡಲಿ, ಅಥವಾ ಮಾಡುವವರಿಗೆ ಬಿಟ್ಟುಕೊಡಲಿ. ಸಲಿಕೆ ಹಿಡಿಯಲು ನಾವು ಹಲವರು ಸಿದ್ಧರಿದ್ದೇವೆ, ಹಿಂದೆಯೂ ಹಾಗೆಂದು ಹೇಳಿದ್ದೇವೆ. ಹೇಳಿಕೆ ಕೊಟ್ಟ ಅಧಿಕಾರಿಗಳು ಮಳೆ ಸುರಿಯುವಾಗ ಆ ದಾರಿಯಲ್ಲಿ ಒಮ್ಮೆ ನಡೆದಾದರೂ ಇಳಿದು, ಮಣ್ಣನ್ನು ಹೊತ್ತೊಯ್ಯುತ್ತಿರುವುದು ಯಾವುದೆಂದು ಕಣ್ಣಾರೆ ನೋಡಲಿ. ತಮ್ಮ ಜೆಸಿಬಿ ಮಾಡಿದ ಕೆಲಸಕ್ಕೆ ಸೈಕಲ್ ಸವಾರರ ಮೇಲೆ ಗೂಬೆ ಕೂರಿಸುವುದನ್ನು ಇನ್ನಾದರೂ ನಿಲ್ಲಿಸಲಿ.

ಇತಿ,
ನೊಂದ ಸೈಕಲ್ ಸವಾರ