ಮಗಳಿಗೊಂದು ಪತ್ರ: ‘ಹೊಂದಿಕೊಂಡು ಹೋಗು’ ಅಂದ ಮಾತು ವಾಪಸ್

ಪ್ರೀತಿಯ ಪುಟ್ಟಿ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಏನು ಶುರು ಮಾಡಿದರೂ ‘ಊಟ ಆಯ್ತಾ’ ಅನ್ನುವಲ್ಲಿಗೆ ಬಂದು ನಿಲ್ಲುತ್ತೇನೆ, ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹಬ್ಬಕ್ಕೆ ಬಂದಿದ್ದಾಗ ನೀನು ಹೋಳಿಗೆ ತಟ್ಟುತ್ತಾ ಕೂತಿದ್ದೆ. ಮೊಬೈಲು ಟಿಂಗ್ ಅಂತು. ಯಾರದ್ದು ಅಂತ ನೋಡಲೂ ಇಲ್ಲ, ಕೈಯಲ್ಲಿದ್ದ ಕಣಕ ಹಾಗೇ ಬಿಟ್ಟು ಬಚ್ಚಲಿಗೆ ಹೋದೆ. ಬರುವಾಗ ಮುಖ ತೊಳೆದುಕೊಂಡಿದ್ದೆ. ಆಮೇಲೆ ನಾನೇ ನೋಡಿದೆ. ಅದು ಗ್ಯಾಸ್ ಬುಕ್ಕಿಂಗಿನ ಮೆಸೇಜು.

ರಾತ್ರಿ ಎಲ್ಲ ಹೇಳಿದೆ. ಮೀಟಿಂಗಿನಲ್ಲಿ ಇಪ್ಪತ್ತು ಜನರ ಎದುರು ಮ್ಯಾನೇಜರು ‘ನಿನ್ನನ್ನ ಯಾರು ಸೆಲೆಕ್ಟ್ ಮಾಡಿದ್ದು’ ಅಂದಿದ್ದು. ರಾತ್ರಿ ಹನ್ನೊಂದಕ್ಕೆ ಕೆಲಸ ಕಳಿಸಿ, ಬೆಳಿಗ್ಗೆ ಒಂಬತ್ತಕ್ಕೆ ಯಾಕಾಗಿಲ್ಲ ಅಂತ ಗ್ರೂಪಿನಲ್ಲಿ ಕೇಳಿದ್ದು. ಟೀಮಿನ ಊಟಕ್ಕೆ ಎಲ್ಲರನ್ನೂ ಕರೆದು ನಿನಗೆ ಮಾತ್ರ ಹೇಳದೇ ಹೋಗಿದ್ದು. ಕೇಳಿಸಿಕೊಂಡು ನಾನೇನಂದೆ? ‘ಸ್ವಲ್ಪ ಹೊಂದಿಕೊಂಡು ಹೋಗು ಪುಟ್ಟಿ, ಎಲ್ಲಾ ಕಡೆ ಇರೋದೇ.’ ನೀನು ‘ಹೂಂ’ ಅಂದು ಆ ಕಡೆ ತಿರುಗಿ ಮಲಗಿದೆ.

ಆ ಮಾತು ವಾಪಸ್ ತಗೊಳ್ಳೋಕೆ ಈ ಕಾಗದ. ಯಾಕೆಂದರೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗಂದೆ.

ನೀನು ಹುಟ್ಟುವುದಕ್ಕೆ ಮೊದಲಿನ ಕಥೆ ಇದು. 1994. ಬ್ಯಾಂಕಿನ ಆ ಬ್ರಾಂಚಿನ ಹೆಸರು ಬರೆಯುವುದಿಲ್ಲ, ಆ ಮನುಷ್ಯನ ಹೆಂಡತಿ ಮಕ್ಕಳು ಈಗಲೂ ಇದ್ದಾರೆ. ಒಂದು ದಿನ ನನ್ನ ಕ್ಯಾಶು ನೂರು ರೂಪಾಯಿ ಕಮ್ಮಿ ಬಂತು. ಕೈಯಿಂದ ಕಟ್ಟಿದೆ. ಅಲ್ಲಿಗೆ ಮುಗಿಯಬೇಕಿತ್ತು. ಮಾರನೇ ದಿನದಿಂದ ಮ್ಯಾನೇಜರು ಕ್ಯಾಬಿನ್ನಿನಿಂದ ಹೊರಗೆ ಬಂದು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ‘ಇವರು ಕೊಟ್ಟ ದುಡ್ಡು ಎರಡೆರಡು ಸಲ ಎಣಿಸಿಕೊಳ್ಳಿ ಸ್ವಾಮಿ’ ಅನ್ನತೊಡಗಿದರು. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅದೇ ಈಗ ಹೇಸಿಗೆ ಅನಿಸುವುದು.

ಆಮೇಲೆ ಟೀ ನಿಂತಿತು. ಹನ್ನೊಂದು ಗಂಟೆಗೆ ಅಟೆಂಡರು ಟ್ರೇ ಹಿಡಿದು ಎಲ್ಲ ಕೌಂಟರಿಗೂ ಹೋಗುತ್ತಿದ್ದ. ನನ್ನ ಕೌಂಟರಿನ ಹತ್ತಿರ ಬಂದಾಗ ನೆಲ ನೋಡುತ್ತಾ ದಾಟುತ್ತಿದ್ದ. ಅವನಿಗೆ ಹೇಳಿಟ್ಟಿದ್ದರು, ಪಾಪ. ಒಂದು ಲೋಟ ಟೀಗೆ ಯಾರಾದರೂ ಅಳುತ್ತಾರಾ ಅಂತ ನಿನ್ನ ಅಪ್ಪ ಕೇಳಿದ್ದರು. ಅಳುತ್ತಾರೆ.

ಸುಮಾರು ಎಂಟು ದಿನ ಹೀಗೇ ನಡೆಯಿತು. ಒಂಬತ್ತನೇ ದಿನ ಪಕ್ಕದ ಕೌಂಟರಿನ ಅಕ್ಕ ‘ಏ, ಬೈ-ಟು ಮಾಡಪ್ಪಾ’ ಅಂದರು. ಅವನು ಕ್ಯಾಬಿನ್ನಿನ ಕಡೆ ನೋಡಿದ. ಅಕ್ಕ ಕಾಯಲಿಲ್ಲ. ತಮ್ಮ ಲೋಟದ ಅರ್ಧ ಟೀಯನ್ನು ನನ್ನ ನೀರಿನ ಲೋಟಕ್ಕೆ ಸುರಿದು, ನೋಟಿನ ಸ್ಪಂಜಿನ ಬಟ್ಟಲ ಪಕ್ಕ ಇಟ್ಟು, ತಮ್ಮ ಕೆಲಸ ಮುಂದುವರಿಸಿದರು. ಟೀ ಆರಿಹೋಗಿತ್ತು, ಸಕ್ಕರೆ ಜಾಸ್ತಿ. ಮೂರನೇ ದಿನಕ್ಕೆ ಅಟೆಂಡರು ತಾನಾಗೇ ಎರಡು ಲೋಟ ಇಡತೊಡಗಿದ.

ನಮ್ಮ ಕಾಲದಲ್ಲಿ ಇದಕ್ಕೆ ಹೆಸರಿರಲಿಲ್ಲ. ‘ಸಾಹೇಬರು ಸ್ವಲ್ಪ ಖಡಕ್ಕು’ ಅಂತಿದ್ದೆವು. ಖಡಕ್ಕು ಬೇರೆ, ಇದು ಬೇರೆ. ನನ್ನ ಮೊದಲನೇ ಮ್ಯಾನೇಜರು ಲೆಡ್ಜರಿನಲ್ಲಿ ಒಂದು ಸೊನ್ನೆ ಜಾಸ್ತಿ ಹಾಕಿದ್ದಕ್ಕೆ ಛಾವಣಿ ಹಾರುವ ಹಾಗೆ ಕೂಗಿದ್ದರು. ಆದರೆ ಕುರ್ಚಿ ಎಳೆದು ಕೂರಿಸಿ ಎಲ್ಲಿ ತಪ್ಪಿದೆ ಅಂತ ತೋರಿಸಿದರು, ಮಾರನೇ ದಿನಕ್ಕೆ ಮರೆತರು. ಅವರು ಬೈದಿದ್ದು ತಪ್ಪನ್ನು. ಇವರಿಗೆ ಬೇಕಾಗಿದ್ದು ನಾನು.

ರಿಟೈರಾದ ಮೇಲೆ ಓದುವುದಕ್ಕೆ ಪುರುಸೊತ್ತು ಸಿಕ್ಕಿದೆಯಲ್ಲ. ಸ್ವೀಡನ್ನಿನಲ್ಲಿ ಹೈಂಜ್ ಲೇಮನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲೇ ಇದನ್ನು ಹಿಡಿದು ಕೂತಿದ್ದ. ಹಕ್ಕಿಗಳೆಲ್ಲ ಸೇರಿ ಒಂದರ ಮೇಲೆ ಎರಗುವುದಕ್ಕೆ ಇದ್ದ ‘ಮಾಬಿಂಗ್’ ಅನ್ನುವ ಮಾತನ್ನೇ ಆಫೀಸಿಗೂ ತಂದ. ಕಾಗೆಗಳು ಮಾಡುವುದನ್ನು ನೋಡಿದ್ದೀಯಲ್ಲ, ಹಾಗೆ. ವಾರಕ್ಕೆ ಒಂದು ಸಲವಾದರೂ, ಆರು ತಿಂಗಳು ನಡೆದರೆ ಅದು ಮಾಬಿಂಗ್ ಅಂತ ಅವನ ಲೆಕ್ಕ. ಅದು ಅಧ್ಯಯನಕ್ಕೆ ಮಾಡಿಕೊಂಡ ಲೆಕ್ಕ, ನೀನು ಆರು ತಿಂಗಳು ಕಾಯಬೇಕಾಗಿಲ್ಲ! ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಸಿಕ್ಕಿಬಿದ್ದವರ ಸ್ವಭಾವದಲ್ಲಿ ಕಾರಣ ಹುಡುಕಬೇಡಿ, ಕೆಲಸ ಹಂಚುವ ರೀತಿ, ಆಫೀಸು ನಡೆಸುವ ರೀತಿ ನೋಡಿ ಅಂದ ಅವನು. 1993ರಲ್ಲಿ ಸ್ವೀಡನ್ ಇದರ ಮೇಲೆ ನಿಯಮವನ್ನೇ ಮಾಡಿತು. ಇಂಥದ್ದು ಆಗದ ಹಾಗೆ ನೋಡಿಕೊಳ್ಳುವುದು ಮಾಲೀಕರ ಜವಾಬ್ದಾರಿ ಅಂತ. ನಾನು ಟೀಗಾಗಿ ಅಳುತ್ತಿದ್ದದ್ದು ಅದರ ಮರುವರ್ಷ.

ನಮ್ಮಲ್ಲಿ ಲೈಂಗಿಕ ಕಿರುಕುಳಕ್ಕೆ 2013ರ ಪೋಶ್ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ದೂರು ಕೊಡಬೇಕು. ನೀನು ಹೇಳಿದ್ದರಲ್ಲಿ ಆ ಥರದ್ದು ಇಲ್ಲ. ಇದ್ದೂ ಹೇಳಲು ಸಂಕೋಚವಾಗಿದ್ದರೆ, ಈ ದಾರಿ ಇದೆ ಅಂತ ತಿಳಿದಿರಲಿ. ಬರೀ ಅವಮಾನ, ಒಂಟಿ ಮಾಡುವುದು, ಇಂಥದ್ದಕ್ಕೇ ಅಂತ ಬೇರೆ ಕಾಯ್ದೆ ಇಲ್ಲ. ಆದರೆ ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಅಂದರೆ ನೌಕರಿಯ ಷರತ್ತುಗಳನ್ನು ಮಾಲೀಕರು ಬರೆದಿಡಬೇಕು ಅನ್ನುವ ಕಾಯ್ದೆಯಿಂದ, ವಿನಾಯಿತಿ ಕೊಟ್ಟಾಗ, ಕುಂದುಕೊರತೆ ಸಮಿತಿ ಮಾಡಬೇಕು, ಅದರಲ್ಲಿ ನೌಕರರ ಕಡೆಯವರೂ ಇರಬೇಕು ಅಂತ ಷರತ್ತು ಹಾಕಿತ್ತು. ನಿಮ್ಮಲ್ಲಿ ಅದು ಎಲ್ಲಿದೆ, ಯಾರಿದ್ದಾರೆ? ಎಚ್‌ಆರ್‌ಗೆ ಮೇಲ್ ಹಾಕಿ ಕೇಳು. ಕಾರಿಡಾರಿನಲ್ಲಿ ಬಾಯಿಮಾತಿಗೆ ಬೇಡ. ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಐಟಿ ನೌಕರರ ಸಂಘವೂ ಇದೆ. ಸಂಘ ಅಂದರೆ ಮೂಗು ಮುರಿಯಬೇಡ. ನನ್ನನ್ನು ಆ ಬ್ರಾಂಚಿನಿಂದ ಬಿಡಿಸಿದ್ದು ಯೂನಿಯನ್ನಿನವರೇ.

ಅವರ ಹತ್ತಿರ ಹೋಗುವಾಗ ನನ್ನ ಕೈಯಲ್ಲಿ ಒಂದು ನೋಟ್‌ಬುಕ್ಕಿತ್ತು. ಅದೂ ಅಕ್ಕ ಹೇಳಿಕೊಟ್ಟಿದ್ದೇ. ‘ಕ್ಯಾಶ್ ಟ್ಯಾಲಿ ಮಾಡದೇ ಮನೆಗೆ ಹೋಗ್ತೀಯೇನು? ಇದನ್ನೂ ಹಾಗೇ ಬರಿ’ ಅಂದಿದ್ದರು. ತಾರೀಕು, ಹೊತ್ತು, ಏನು ಅಂದರು, ಅಂದ ಮಾತು ಅಂದ ಹಾಗೇ, ಯಾರ್ಯಾರು ಅಲ್ಲಿದ್ದರು. ‘ಯಾವಾಗಲೂ ಬೈತಾರೆ’ ಅಂದರೆ ಯಾರೂ ಕಿವಿಗೊಡಲ್ಲ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಮಾತು ಅಂದರೆ ಪೆನ್ನು ತೆಗೆಯುತ್ತಾರೆ. ನಿನ್ನದೇ ನೋಟ್‌ಬುಕ್ಕಿನಲ್ಲಿ, ಮನೆಯಲ್ಲಿ ಕೂತು ಬರಿ. ಆಫೀಸಿನ ಮೇಲುಗಳನ್ನು ನಿನ್ನ ಸ್ವಂತ ಮೇಲಿಗೆ ಕಳಿಸಿಕೊಳ್ಳಬೇಡ, ಅದನ್ನೇ ನಿನ್ನ ತಪ್ಪು ಅಂತ ಹಿಡಿಯಬಹುದು.

ಗೆದ್ದೆ ಅಂತ ತಿಳಿಯಬೇಡ. ಟ್ರಾನ್ಸ್‌ಫರ್ ಆಗಿದ್ದು ನನಗೆ, ಅವರಿಗಲ್ಲ. ಹೊಸ ಬ್ರಾಂಚಿನಲ್ಲಿ ಎಲ್ಲರೂ ಒಳ್ಳೆಯವರು. ಆದರೂ ಎರಡು ವರ್ಷ ಒಂದೊಂದು ಕಟ್ಟನ್ನೂ ನಾಲ್ಕು ಸಲ ಎಣಿಸುತ್ತಿದ್ದೆ. ಯಾರಾದರೂ ಹಿಂದೆ ಬಂದು ನಿಂತರೆ ಎಣಿಕೆ ತಪ್ಪುತ್ತಿತ್ತು. ಜಾಗ ಬಿಟ್ಟರೂ ಮೈ ಬಿಟ್ಟಿರುವುದಿಲ್ಲ ಪುಟ್ಟಿ. ಗ್ಯಾಸ್ ಮೆಸೇಜಿಗೆ ನಿನ್ನ ಕೈ ನಡುಗಿದ್ದು ನೋಡಿದಾಗ ಅದಕ್ಕೇ ನನಗೆ ಎದೆ ಧಸಕ್ ಅಂದಿದ್ದು. ಆಗ ನಾನು ದಿನಾ ಸಂಜೆ ಗಣಪತಿ ಕೆರೆಯ ಪಕ್ಕ ನಡೆಯುತ್ತಿದ್ದೆ, ಅಕ್ಕನಿಗೆ ಕಾಗದ ಬರೆಯುತ್ತಿದ್ದೆ, ಅಷ್ಟೇ ನನ್ನ ಔಷಧಿ. ನಿನಗೆ ಅದಕ್ಕಿಂತ ಜಾಸ್ತಿ ಇದೆ. 14416ಕ್ಕೆ ಫೋನು ಮಾಡು. ಟೆಲಿ-ಮಾನಸ್ ಅಂತ, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸಿನವರದೇ ಆಪ್ತ ಸಲಹೆಯ ಕೇಂದ್ರವೂ ಇದೆ. ನಿದ್ದೆ ಹೋಗಿ ಎಷ್ಟು ವಾರ ಆಯಿತು ಅಂತ ನನ್ನ ಹತ್ತಿರ ಮುಚ್ಚಿಟ್ಟರೂ ಅವರ ಹತ್ತಿರ ಹೇಳು.

ಕೆಲಸ ಬಿಡಬೇಕು ಅನಿಸಿದರೆ ಬಿಡು. ಇಎಂಐ ಚಿಂತೆ ಬೇಡ, ನನ್ನ ಪೆನ್ಷನ್ ಇದೆ. ಅಪ್ಪನೂ ಹೂಂ ಅಂದಿದ್ದಾರೆ. ಅಂದಿಸಿದ್ದೇನೆ.

ಇನ್ನೊಂದು ಬರೆಯದೇ ಮುಗಿಸಿದರೆ ಸುಳ್ಳಾಗುತ್ತದೆ. ಕೆಲವು ವರ್ಷಗಳ ಮೇಲೆ ಬೇರೆ ಬ್ರಾಂಚಿಗೆ ಹೊಸ ಹುಡುಗಿ ಬಂದಳು. ಅಲ್ಲಿನ ಆಫೀಸರು ಅವಳ ಇಂಗ್ಲಿಷನ್ನು ದಿನಾ ಅಣಕಿಸುತ್ತಿದ್ದರು. ನನಗೆ ಆಗ ಪ್ರಮೋಷನ್ ಹತ್ತಿರವಿತ್ತು. ನಾನು ಲೆಡ್ಜರಿಗೆ ತಲೆ ಬಗ್ಗಿಸಿಕೊಂಡು ಕೂತೆ. ಆಮೇಲೆ ಎಷ್ಟೋ ವರ್ಷಕ್ಕೆ ಶಿವಮೊಗ್ಗದಲ್ಲಿ ಒಂದು ಮದುವೆಮನೆಯಲ್ಲಿ ಸಿಕ್ಕಿದಳು. ಚೆನ್ನಾಗಿ ಮಾತಾಡಿಸಿದಳು, ಎಲೆ ಹಾಕಿಸಿ ಪಕ್ಕದಲ್ಲೇ ಕೂತಳು. ಪಾಯಸ ಬರುವ ಹೊತ್ತಿಗೆ ಮೆಲ್ಲಗೆ ಕೇಳಿದಳು, ‘ಮೇಡಂ, ಅವರು ಅನ್ನುತ್ತಿದ್ದದ್ದು ನಿಮಗೆ ಕೇಳಿಸುತ್ತಿತ್ತಾ?’ ಕೇಳಿಸುತ್ತಿತ್ತು ಅಂದೆ. ಅವಳು ಮತ್ತೇನೂ ಅನ್ನಲಿಲ್ಲ.

ನಿಮ್ಮ ಟೀಮಿನಲ್ಲಿ ಒಬ್ಬ ಹೊಸ ಹುಡುಗ ಇದ್ದಾನೆ, ಅವನಿಗೂ ಹೀಗೇ ಆಗುತ್ತಿದೆ, ಒಬ್ಬನೇ ಮೂಲೆಯಲ್ಲಿ ಕೂತು ಊಟ ಮಾಡುತ್ತಾನೆ ಅಂದಿದ್ದೆಯಲ್ಲ. ಶನಿವಾರ ಪಕ್ಕದ ಮನೆಯವರು ಬೆಂಗಳೂರಿಗೆ ಬರುತ್ತಾರೆ, ಅವರ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ಎರಡು ಡಬ್ಬಿ ಇವೆ. ಚಿಕ್ಕದು ಅವನಿಗೆ.

ನಿನ್ನ
ಅಮ್ಮ