ಹಳೆಯ ಕ್ಷೌರದ ಕತ್ತಿಯನ್ನು ಸಾಣೆಚಕ್ರಕ್ಕೆ ಹಿಡಿಯಬೇಡಿ

ಮಾನ್ಯ ಸಂಪಾದಕರೇ,

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಮಡಚುವ ಕ್ಷೌರದ ಕತ್ತಿಯನ್ನು ಮೂರು ತಿಂಗಳಿಂದ ಸರಿಮಾಡುತ್ತಿದ್ದೇನೆ. ಅಲಗಿನ ಬುಡದಲ್ಲಿ ‘ಸೋಲಿಂಗನ್’ ಎಂಬ ಅಚ್ಚಿದೆ. ಜರ್ಮನಿಯ ಆ ಊರು ಕತ್ತಿಗಳಿಗೇ ಹೆಸರಾದದ್ದು.

ಇದಕ್ಕೂ ಮುಂಚೆ ಇನ್ನೊಂದು ಕತ್ತಿಯನ್ನು ತಿರುಗುವ ಸಾಣೆಚಕ್ರಕ್ಕೆ ಹಿಡಿದಿದ್ದೆ. ಕ್ಷಣದಲ್ಲೇ ಅಂಚು ನೀಲಿಯಾಯಿತು. ನೀಲಿ ಬಂತೆಂದರೆ ಬಿಸಿಗೆ ಉಕ್ಕಿನ ಹದ ಹೋಯಿತು ಎಂದೇ ಅರ್ಥ. ಆ ಜಾಗದಲ್ಲಿ ಚೂಪು ನಿಲ್ಲುವುದಿಲ್ಲ. ಆ ಸಂಕಟ ನನಗೆ ಇನ್ನೂ ಇದೆ. ಅದಕ್ಕೇ ಈ ಪತ್ರ.

ಹೊಸಬರೇ, ಅವಸರ ಬೇಡ. ತುಕ್ಕನ್ನು ಎಣ್ಣೆ ಹಾಕಿ, ನುಣುಪಾದ ಉಪ್ಪುಕಾಗದದಿಂದ ಕೈಯಲ್ಲೇ ತಿಕ್ಕಿ. ಸಾಣೆಕಲ್ಲಿಗೆ ಅಲಗಿನ ಬೆನ್ನು (ಅಂಚಿಗೆ ಎದುರಿನ ದಪ್ಪ ಬದಿ), ಅಂಚು ಎರಡೂ ತಾಗಿರಲಿ. ಕೋನವನ್ನು ಕಾಯುವುದು ಆ ಬೆನ್ನೇ. ಮೊದಲು 1000 ಗ್ರಿಟ್ ಕಲ್ಲು, ಆಮೇಲೆ 4000, 8000 (ಗ್ರಿಟ್ ಎಂದರೆ ಕಲ್ಲಿನ ನುಣುಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು). ಕೊನೆಗೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಿರಿ. ಅಂಚು ಮುಂದಾದರೆ ಪಟ್ಟಿಯೇ ಕತ್ತರಿಸಿಹೋಗುತ್ತದೆ. ಅಲಗಿನ ಕಪ್ಪು ಕಲೆ ಪೂರ್ತಿ ಹೋಗದಿದ್ದರೂ ಪರವಾಗಿಲ್ಲ, ಅದು ಕತ್ತಿಯ ವಯಸ್ಸು ಅಲ್ವಾ? ಆದರೆ ಅಂಚಿನಲ್ಲೇ ತುಕ್ಕಿನ ಗುಳಿ ಇದ್ದರೆ ಅದರಿಂದ ಗಡ್ಡ ಹೆರೆಯಬೇಡಿ.

ಇಂಥ ಕೈಕೆಲಸಗಳಿಗೆ ತಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಸ್ವಲ್ಪ ಜಾಗ ಕೊಟ್ಟರೆ ನನ್ನಂಥವರಿಗೆ ತುಂಬಾ ಉಪಕಾರವಾಗುತ್ತದೆ.

— ಒಬ್ಬ ಓದುಗ