2000 ವೋಲ್ಟ್ ಸ್ಟಿಕ್ಕರ್ ಕೆಳಗೆ 630: ಕೆಪಾಸಿಟರ್ ಬಗ್ಗೆ ದೂರು

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು,
ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಆನ್‌ಲೈನ್ ಮಾರಾಟ ವಿಭಾಗ

ವಿಷಯ: ತಪ್ಪು ರೇಟಿಂಗ್ ಅಂಟಿಸಿ ಮಾರಿದ ಕೆಪಾಸಿಟರ್‌ಗಳು. ಹಣ ವಾಪಸ್ ಕೊಡುವ ಮತ್ತು ಆ ಮಾಲಿನ ಮಾರಾಟ ನಿಲ್ಲಿಸುವ ಬಗ್ಗೆ.

ಮಾನ್ಯರೇ,

ನಿಮ್ಮ ಅಂಗಡಿಯಿಂದ ನಾನು ಹೈ ವೋಲ್ಟೇಜ್ ಕೆಪಾಸಿಟರ್‌ಗಳನ್ನು, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಡುವ ಬಿಡಿಭಾಗಗಳನ್ನು, ತರಿಸಿದ್ದೆ. ನಿಮ್ಮ ಪುಟದಲ್ಲಿ ಬರೆದಿದ್ದು ಹೀಗೆ: ಪಾಲಿಪ್ರೊಪಿಲೀನ್, 0.15 ಮೈಕ್ರೊಫ್ಯಾರಡ್, 2000 ವೋಲ್ಟ್ ಡಿಸಿ, ಟೆಸ್ಲಾ ಕಾಯಿಲ್‌ಗೆ (ಹೈ ವೋಲ್ಟೇಜ್‌ನಿಂದ ಕೃತಕ ಮಿಂಚು ಹಾರಿಸುವ ಸಾಧನಕ್ಕೆ) ಸೂಕ್ತ. ಬಂದಿದ್ದು 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್. (ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಎರಡೂ ಕೆಪಾಸಿಟರ್ ಒಳಗಿನ ಪ್ಲಾಸ್ಟಿಕ್ ಫಿಲ್ಮಿನ ಹೆಸರು.) ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರೆ, ಅಷ್ಟೇ.

ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಸ್ಟಮರ್ ಕೇರ್‌ನವರು “ನೀವು ರೇಟಿಂಗ್ ಮೀರಿ ವೋಲ್ಟೇಜ್ ಕೊಟ್ಟಿದ್ದೀರಿ ಸರ್, ಸೋಲ್ಡರ್ ಮಾಡಿದ ಮಾಲು ವಾಪಸ್ ತಗೊಳಲ್ಲ” ಎಂದು ಕೈ ತೊಳೆದುಕೊಂಡರು. ಲೆಕ್ಕ ಕೇಳುವ ಪುರುಸೊತ್ತು ಅವರಿಗೆ ಇರಲಿಲ್ಲ. ಹಾಗಾಗಿ ಲೆಕ್ಕ ಇಲ್ಲೇ ಕೊಡುತ್ತೇನೆ.

ನಾನು ಕಟ್ಟುತ್ತಿರುವುದು ಸ್ಪಾರ್ಕ್ ಗ್ಯಾಪ್ (ಕಿಡಿ ಹಾರುವ ಸಂದು) ಇರುವ ಚಿಕ್ಕ ಟೆಸ್ಲಾ ಕಾಯಿಲ್. ಮೂರಿಂಚಿನ ಪಿವಿಸಿ ಪೈಪ್ ಮೇಲೆ 30 ಗೇಜ್ ವೈಂಡಿಂಗ್ ವೈರ್ ಸುಮಾರು ಸಾವಿರ ಸುತ್ತು, ಅದು ಸೆಕೆಂಡರಿ ಕಾಯಿಲ್. ಕೆಳಗೆ ಏರ್ ಕಂಡಿಷನರ್‌ಗೆ ಹಾಕುವ ಕಾಲಿಂಚು ತಾಮ್ರದ ಪೈಪಿನ ಪ್ರೈಮರಿ ಕಾಯಿಲ್. ಕರೆಂಟಿಗೆ ಹಳೇ ನಿಯಾನ್ ಬೋರ್ಡಿನ 6000 ವೋಲ್ಟ್, 30 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್. ನಿಕೊಲಾ ಟೆಸ್ಲಾ 1891ರಲ್ಲಿ ಪೇಟೆಂಟ್ ಪಡೆದಿದ್ದೂ ಇದೇ ತತ್ವಕ್ಕೆ. ಪ್ರೈಮರಿಯೂ ಸೆಕೆಂಡರಿಯೂ ಒಂದೇ ಫ್ರೀಕ್ವೆನ್ಸಿಗೆ ಕೂತರೆ ಮಿಂಚು ಹಾರುತ್ತದೆ. ನನ್ನ ಕಾಯಿಲ್‌ನಲ್ಲಿ ಅದು 350 ಕಿಲೋಹರ್ಟ್ಜ್ ಆಸುಪಾಸು.

ನಿಮ್ಮ ಕೆಪಾಸಿಟರ್‌ಗಳಲ್ಲಿ ಆರನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ತುದಿಗೆ ಇನ್ನೊಂದರಂತೆ ಸಾಲಾಗಿ, ಜೋಡಿಸಿದ್ದೆ. 0.15 ಅನ್ನು ಆರರಿಂದ ಭಾಗಿಸಿದರೆ 0.025 ಮೈಕ್ರೊಫ್ಯಾರಡ್. ನೀವು ಹೇಳಿದ ರೇಟಿಂಗ್ ನಿಜವಾಗಿದ್ದರೆ ಒಟ್ಟು 12,000 ವೋಲ್ಟ್ ತಡೆಯಬೇಕು. 6000 ವೋಲ್ಟ್ ಎಸಿ ಪೀಕ್‌ನಲ್ಲಿ ಸುಮಾರು 8500 ಆಗುತ್ತದೆ. ಒಂದೊಂದರ ಮೇಲೆ ಬೀಳುವುದು 1400 ಚಿಲ್ಲರೆ. 2000ಕ್ಕೆ ಇನ್ನೂ ಎಷ್ಟೋ ಕೆಳಗೆ ಇದ್ದೇನೆ ಅಲ್ವಾ? ಇದರ ಮೇಲೆ ಪ್ರತಿ ಕೆಪಾಸಿಟರ್‌ಗೆ ಉಳಿದ ಚಾರ್ಜ್ ಇಳಿಸುವ 10 ಮೆಗಾಓಮ್ ಬ್ಲೀಡರ್ ರೆಸಿಸ್ಟರ್, ಟ್ರಾನ್ಸ್‌ಫಾರ್ಮರ್‌ಗೆ ಅಡ್ಡ, ವೋಲ್ಟೇಜ್ ಮಿತಿ ಮೀರಿದರೆ ಕಿಡಿಯಾಗಿ ಹಾರಿಸಿಬಿಡುವ ಸೇಫ್ಟಿ ಗ್ಯಾಪ್ ಬೇರೆ ಇದೆ. ಇದರಲ್ಲಿ “ರೇಟಿಂಗ್ ಮೀರಿದ್ದು” ಎಲ್ಲಿ ಬಂತು?

ಶುರು ಮಾಡಿದ ಅರ್ಧ ನಿಮಿಷಕ್ಕೆಲ್ಲ ಸ್ಪಾರ್ಕ್ ಸಪ್ಪೆಯಾಯಿತು. ಪ್ಲಗ್ ಕಿತ್ತು, ಡಿಸ್ಚಾರ್ಜ್ ಮಾಡಿ ನೋಡಿದರೆ ಕೆಪಾಸಿಟರ್‌ಗಳು ಮುಟ್ಟಲಾಗದಷ್ಟು ಬಿಸಿ. ಎರಡು ಉಬ್ಬಿದ್ದವು. ಒಂದರ ತುದಿಯ ಎಪಾಕ್ಸಿ ಬಿರುಕು ಬಿಟ್ಟು ಸುಟ್ಟ ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿತ್ತು. ಆ ಬಿಸಿಗೆ ಅದರ ಸ್ಟಿಕ್ಕರ್ ಅಂಚು ಎದ್ದಿತ್ತು. ಉಗುರು ಹಾಕಿ ಎಳೆದೆ. ಕೆಳಗೆ ಹಳದಿ ಟೇಪಿನ ಮೇಲೆ ಸಣ್ಣ ಅಕ್ಷರದಲ್ಲಿ ಫ್ಯಾಕ್ಟರಿಯ ಪ್ರಿಂಟ್ ಹಾಗೇ ಇತ್ತು: ಸಿಎಲ್20, 154ಜೆ, 630ವಿ. ಇದರಲ್ಲಿ 154 ಅಂದರೆ 0.15 ಮೈಕ್ರೊಫ್ಯಾರಡ್, 630ವಿ ಅಂದರೆ 630 ವೋಲ್ಟ್.

ಈ ಸಿಎಲ್20 ಅಂದರೇನು ಅಂತ ಬಿಡಿಭಾಗ ಮಾರುವವರಿಗೆ ನಾನು ಹೇಳಬೇಕಾಗಿ ಬಂದಿದ್ದೇ ವಿಚಿತ್ರ. ಚೀನಾದಿಂದ ಬರುವ ಮಾಲಿನಲ್ಲಿ ಸಿಎಲ್ ಅಂದರೆ ಪಾಲಿಯೆಸ್ಟರ್, ಸಿಬಿಬಿ ಅಂದರೆ ಪಾಲಿಪ್ರೊಪಿಲೀನ್. ಇದೇನು ಗುಟ್ಟಲ್ಲ. ಪಾಲಿಯೆಸ್ಟರ್ ಕೆಟ್ಟದ್ದು ಅಂತಲೂ ನಾನು ಹೇಳುತ್ತಿಲ್ಲ, ಮಾಮೂಲಿ ಬೋರ್ಡುಗಳಲ್ಲಿ ಅದು ವರ್ಷಗಟ್ಟಲೆ ದುಡಿಯುತ್ತದೆ. ಆದರೆ ಫ್ರೀಕ್ವೆನ್ಸಿ ಏರಿದರೆ ಅದರೊಳಗಿನ ಲಾಸ್ (ವ್ಯರ್ಥವಾಗುವ ಶಕ್ತಿ) ಪಾಲಿಪ್ರೊಪಿಲೀನ್‌ಗಿಂತ ಹತ್ತಾರು ಪಟ್ಟು ಜಾಸ್ತಿ. ಆ ಲಾಸ್ ಎಲ್ಲ ಬಿಸಿಯಾಗುತ್ತದೆ. ಸಾಲದ್ದಕ್ಕೆ 630 ವೋಲ್ಟಿನ ಮಾಲಿನ ಮೇಲೆ 1400 ವೋಲ್ಟ್. ಸ್ಕೂಟರ್ ಟೈರನ್ನು ಲಾರಿಗೆ ಹಾಕಿದ ಹಾಗಾಯಿತು.

“ಬಂದಾಗಲೇ ಚೆಕ್ ಮಾಡಬೇಕಿತ್ತು” ಎಂದೂ ನಿಮ್ಮವರು ಹೇಳಿದರು. ಮಾಡಿದ್ದೆ. ಮಲ್ಟಿಮೀಟರ್ 0.15 ಅಂತಲೇ ತೋರಿಸಿತು. ತೋರಿಸಲೇಬೇಕು, ಆ ಅಂಕಿಯಲ್ಲಿ ಮೋಸ ಇಲ್ಲವಲ್ಲ. ಎಷ್ಟು ವೋಲ್ಟ್ ತಡೆಯುತ್ತದೆ, ಒಳಗೆ ಯಾವ ಫಿಲ್ಮ್ ಇದೆ ಅಂತ ಅದು ಹೇಳುವುದಿಲ್ಲ. ಆಮೇಲೆ ಗೆಳೆಯರೊಬ್ಬರ ಕಾಲೇಜಿನ ಲ್ಯಾಬಿನಲ್ಲಿ ಕೆಪಾಸಿಟರ್‌ನ ಲಾಸ್ ಕೂಡ ಅಳೆಯುವ ಎಲ್‌ಸಿಆರ್ ಮೀಟರ್‌ಗೆ ಹಾಕಿಸಿದೆ. 100 ಕಿಲೋಹರ್ಟ್ಜ್‌ನಲ್ಲಿ ಲಾಸ್ ಫ್ಯಾಕ್ಟರ್ 0.02 ಹತ್ತಿರ ಬಂತು. ಪಾಲಿಪ್ರೊಪಿಲೀನ್ ಆಗಿದ್ದರೆ 0.001 ಆಸುಪಾಸು ಇರಬೇಕು. ಇದು ಬಳಸದೇ ಇಟ್ಟಿದ್ದ ಕೆಪಾಸಿಟರ್‌ನ ಅಳತೆ. ಅದರ ಮೇಲೂ ಅದೇ ಸ್ಟಿಕ್ಕರ್, ಕೆಳಗೆ ಅದೇ 630. ಅಂದರೆ ನನಗೆ ಬಂದ ಒಂದೆರಡು ಪೀಸ್ ಕೆಟ್ಟಿದ್ದಲ್ಲ, ಲಾಟೇ ಹಾಗಿದೆ.

ಹಣ ಹೋದದ್ದು ದೊಡ್ಡದಲ್ಲ. ಚಿಂತೆ ಬೇರೆಯದು. ಸೀರೀಸ್‌ನಲ್ಲಿ ಒಂದು ಕೆಪಾಸಿಟರ್ ಶಾರ್ಟ್ ಆದರೆ ಅದರ ಪಾಲಿನ ವೋಲ್ಟೇಜ್ ಉಳಿದ ಐದರ ತಲೆಗೆ ಬೀಳುತ್ತದೆ. ಆಮೇಲೆ ಒಂದರ ಹಿಂದೆ ಒಂದು ಹೋಗುತ್ತವೆ. ಸಿಡಿದರೆ ಚೂರು ಮುಖಕ್ಕೇ ಬರಬಹುದು. ನಾನು ಮುಂದೆ ಅಕ್ರಿಲಿಕ್ ಶೀಟ್ ನಿಲ್ಲಿಸಿ, ದೂರದಿಂದ ಸ್ವಿಚ್ ಹಾಕುತ್ತೇನೆ. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ಏನು ಗ್ಯಾರಂಟಿ? ಸೈನ್ಸ್ ಎಕ್ಸಿಬಿಷನ್‌ಗೆ ಅಂತ ಡಿಪ್ಲೊಮಾ ಹುಡುಗರೂ ಇದನ್ನೇ ಕಟ್ಟುತ್ತಾರೆ. ಅವರೂ ನಿಮ್ಮ ಆ ಪುಟವನ್ನೇ ನಂಬಿ ಆರ್ಡರ್ ಹಾಕುತ್ತಾರೆ. ನಾನು ದೂರು ಕೊಟ್ಟ ಮೇಲೂ ಆ ಪುಟ ಹಾಗೇ ಇದೆ. “ಸ್ಟಾಕ್ ಇದೆ” ಅಂತಲೇ ತೋರಿಸುತ್ತಿದೆ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಅದನ್ನು ನೋಡಿ.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಾದರೆ ಮಾಲನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ ತರಬಹುದು. ನಮ್ಮಂಥ ದೂರದ ಊರಿನವರು ನಿಮ್ಮ ಫೋಟೊ ಮತ್ತು ನೀವು ಬರೆದ ಅಂಕಿಗಳನ್ನೇ ನಂಬಬೇಕು. ಸ್ಟಿಕ್ಕರ್ ಅಂಟಿಸಿದ್ದು ನೀವಲ್ಲ, ನಿಮಗೆ ಸಪ್ಲೈ ಮಾಡಿದವರೇ ಇರಬಹುದು. ಅದನ್ನು ಅವರ ಹತ್ತಿರ ಕೇಳುವುದು ನಿಮ್ಮ ಕೆಲಸ. ಬಿಲ್ ಕೊಟ್ಟಿದ್ದು ನೀವು.

ನಾನು ಕೇಳುವುದು ಇಷ್ಟು. ಕೆಪಾಸಿಟರ್‌ಗಳ ಪೂರ್ತಿ ಹಣ ಮತ್ತು ಕೊರಿಯರ್ ಚಾರ್ಜ್ ವಾಪಸ್ ಕೊಡಿ. ಆ ಮಾಲನ್ನು ಇವತ್ತೇ ಪುಟದಿಂದ ತೆಗೆಯಿರಿ. ಇದೇ ಲಾಟನ್ನು ಈಗಾಗಲೇ ಕೊಂಡವರಿಗೆ ಮೆಸೇಜ್ ಕಳಿಸಿ, ಹೈ ವೋಲ್ಟೇಜ್‌ಗೆ ಹಾಕಬೇಡಿ ಅಂತ ತಿಳಿಸಿ. ಈ ಕೊನೆಯದನ್ನು ಮಾಡದಿದ್ದರೆ ನನ್ನ ಹಣ ಬಂದರೂ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೂಪನ್, ಮುಂದಿನ ಆರ್ಡರ್‌ಗೆ ಡಿಸ್ಕೌಂಟ್ ಇವೆಲ್ಲ ಬೇಡ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಸಿಕ್ಕಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಸುಮ್ನೆ ಕೂತರೆ 1915 ಗ್ರಾಹಕ ಸಹಾಯವಾಣಿಗೆ ಹೇಳುತ್ತೇನೆ. ಅಲ್ಲೂ ಆಗದಿದ್ದರೆ ನಮ್ಮ ಜಿಲ್ಲೆಯ ಗ್ರಾಹಕ ಆಯೋಗ ಇದ್ದೇ ಇದೆ. 2019ರ ಕಾಯ್ದೆ ಬಂದ ಮೇಲೆ ಕೊಂಡವನು ತನ್ನ ಊರಿನಲ್ಲೇ ಕೇಸ್ ಹಾಕಬಹುದು, ಅದಕ್ಕಾಗಿ ನಿಮ್ಮ ಊರಿಗೆ ಓಡಾಡಬೇಕಿಲ್ಲ.

ಬಿಲ್, ನಿಮ್ಮ ಪುಟದ ಸ್ಕ್ರೀನ್‌ಶಾಟ್, ಸ್ಟಿಕ್ಕರ್ ಕಿತ್ತ ಮೇಲಿನ ಫೋಟೊ ಮತ್ತು ಎಲ್‌ಸಿಆರ್ ಮೀಟರ್ ರೀಡಿಂಗನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಸುಟ್ಟವು ಮತ್ತು ಬಳಸದವು ಎರಡೂ ನನ್ನ ಹತ್ತಿರ ಇವೆ. ಪರೀಕ್ಷೆಗೆ ಬೇಕಿದ್ದರೆ ನಿಮ್ಮ ಖರ್ಚಿನಲ್ಲಿ ಪಿಕಪ್ ಬುಕ್ ಮಾಡಿ. ಒಂದು ಸುಟ್ಟದ್ದನ್ನೂ ಒಂದು ಹೊಸದನ್ನೂ ಮಾತ್ರ ಕೊಟ್ಟು ಕಳಿಸುತ್ತೇನೆ, ಉಳಿದವು ಸಾಕ್ಷಿಗೆ ನನ್ನ ಬಳಿಯೇ ಇರುತ್ತವೆ.

ಇಂತಿ,
ನಿಮ್ಮ ಗ್ರಾಹಕ,
ಶಿವಮೊಗ್ಗ